ನೆಂಟರ ಮನೆಯಲ್ಲಿದ್ದು ಮೈಸೂರು ನೋಡುವುದು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಈ ನಾಲ್ಕು ಸೀಮೆಯವರಿಗೆ ಪಟ್ಟಣವೆಂದರೆ ಮೈಸೂರು. ಬೆಂಗಳೂರು ಎಷ್ಟೇ ದೊಡ್ಡದಾಗಿ ಬೆಳೆದಿರಲಿ, ಅದು ಕೆಲಸ ಹುಡುಕಿಕೊಂಡು ಹೋಗುವ ಊರು. ಮೈಸೂರು ನೋಡಲೆಂದು ಹೋಗುವ ಊರು. ದೂರವೇನೂ ಹೆಚ್ಚಲ್ಲ. ಕೃಷ್ಣರಾಜನಗರದಿಂದ ಸುಮಾರು ೪೦ ಕಿಲೋಮೀಟರು, ಹುಣಸೂರಿನಿಂದ ೪೫, ಕೋಟೆಯಿಂದ ೫೦, ಪಿರಿಯಾಪಟ್ಟಣದಿಂದ ೭೦ರ ಒಳಗೆ. ಕೃಷ್ಣರಾಜನಗರದವರಿಗೆ ರೈಲೂ ಉಂಟು; ಉಳಿದ ಮೂರು ಊರಿನವರಿಗೆ ಬಸ್ಸೇ ಗತಿ. ಬೆಳಗ್ಗೆ ಹೊರಟವರು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದು. ಆದರೂ ಮೈಸೂರು ನೋಡಲು ಹೋದವರು ಅದೇ ದಿನ ಹಿಂದಿರುಗುವುದು ವಿರಳ. ಅವರು ಉಳಿಯುತ್ತಾರೆ. ಎಲ್ಲಿ ಉಳಿಯುತ್ತಾರೆ ಎಂಬ ಪ್ರಶ್ನೆಗೆ ನಮ್ಮ ಕಡೆ ಉತ್ತರ ಒಂದೇ: "ನಮ್ಮವರ ಮನೆ ಇದೆಯಲ್ಲ!"

ಈ 'ನಮ್ಮವರು' ಎಂಬ ಮಾತಿನ ವ್ಯಾಪ್ತಿ ದೊಡ್ಡದು. ಒಡಹುಟ್ಟಿದವರು, ಸೋದರಮಾವ, ಬೀಗರು ಇವರೆಲ್ಲ ಸರಿಯೆ. ಅಷ್ಟಕ್ಕೇ ಅದು ನಿಲ್ಲುವುದಿಲ್ಲ. ಬೀಗರ ಬೀಗರು, ಊರಿನ ಶಾನುಭೋಗರ ಮಗ, ಹಿಂದೆ ನಮ್ಮೂರ ಶಾಲೆಯಲ್ಲಿದ್ದು ವರ್ಗವಾಗಿ ಹೋದ ಮೇಷ್ಟರು, ಇವರೂ ದಸರೆಯ ಹೊತ್ತಿಗೆ ನಮ್ಮವರಾಗುತ್ತಾರೆ. ಕೃಷ್ಣರಾಜನಗರದವರು ಒಂದು ಚೀಲ ಹೊಸ ಅಕ್ಕಿ ಹೊತ್ತು ಬರುತ್ತಾರೆ. ಆ ಸೀಮೆ ಭತ್ತದ ಕಣಜವೆಂದು ಹೆಸರಾದದ್ದು. ಕೋಟೆಯವರು ಬಾಳೆಗೊನೆಯನ್ನೋ ಒಂದು ಶೀಷೆ ಜೇನುತುಪ್ಪವನ್ನೋ ತರುತ್ತಾರೆ. ನಮ್ಮ ಹುಣಸೂರಿನ ಕಡೆಯವರು ರಾಗಿ ಹಿಟ್ಟು, ತೆಂಗಿನಕಾಯಿ, ಹಿತ್ತಲ ಕುಂಬಳಕಾಯಿ. ಇಷ್ಟನ್ನು ಹೊಸಿಲಲ್ಲಿ ಇಳಿಸಿ, ಕಾಲು ತೊಳೆದು ಒಳಗೆ ಬಂದರೆ ಮುಗಿಯಿತು. ಮುಂದಿನ ನಾಲ್ಕು ದಿನ ಆ ಮನೆಯೇ ನಮಗೆ ಛತ್ರ, ಆ ಮನೆಯವರೇ ನಮಗೆ ಮಾರ್ಗದರ್ಶಿ.

ಹೀಗೆ ನೆಂಟರಾಗಿ ಹೋಗುವವರಲ್ಲಿ ಮೊದಲ ಪಂಕ್ತಿ ಆನೆಗಳದು. ದಸರೆಗೆ ಇನ್ನೂ ಅನೇಕ ವಾರಗಳಿರುವಾಗಲೇ ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ, ನಾಗರಹೊಳೆ ಕಾಡಿನ ಬಾಗಿಲಲ್ಲಿ, ಆನೆಗಳಿಗೆ ಪೂಜೆಯಾಗಿ ಗಜಪಯಣ ಹೊರಡುತ್ತದೆ. ಕೋಟೆ ಸೀಮೆಯ ಬಳ್ಳೆ, ಕೊಡಗಿನ ಕಡೆಯ ಮತ್ತಿಗೋಡು, ದುಬಾರೆ ಮುಂತಾದ ಶಿಬಿರಗಳ ಆನೆಗಳು ಮೈಸೂರಿಗೆ ಬಂದು ಅರಮನೆಯ ಆವರಣದಲ್ಲಿ ಬಿಡಾರ ಹೂಡುತ್ತವೆ. ಅವುಗಳ ಜೊತೆ ಮಾವುತರು, ಕಾವಾಡಿಗಳು, ಅವರ ಹೆಂಡಿರು ಮಕ್ಕಳು. ಮಕ್ಕಳ ಪಾಠ ತಪ್ಪದಿರಲೆಂದು ಅಲ್ಲೇ ಒಂದು ಟೆಂಟ್ ಶಾಲೆ. ಆನೆಗೆ ಬೇಯಿಸಿದ ಉದ್ದು, ಹೆಸರುಕಾಳು, ಗೋಧಿ, ಅನ್ನ, ತರಕಾರಿ. ಮೇಲೆ ಭತ್ತ, ಬೆಲ್ಲ, ತೆಂಗಿನಕಾಯಿ ಸೇರಿಸಿ ಹುಲ್ಲಿನಲ್ಲಿ ಸುತ್ತಿದ ಕುಸುರೆ. ಈ ನೆಂಟರು ಸುಮ್ಮನೆ ಕೂತು ಉಣ್ಣುವವರಲ್ಲ. ದಿನವೂ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು ಐದು ಕಿಲೋಮೀಟರು ನಡೆದು ದಾರಿ ಪರಿಚಯ ಮಾಡಿಕೊಳ್ಳಬೇಕು. ಮೊದಲು ಮರಳಿನ ಮೂಟೆ, ಆಮೇಲೆ ಮರದ ಅಂಬಾರಿ ಹೊತ್ತು ತಾಲೀಮು ಮಾಡಬೇಕು. ಕುಶಾಲತೋಪಿನ ಸದ್ದಿಗೆ ಬೆದರದಂತೆ ಕಿವಿ ಪಳಗಬೇಕು. ಹಬ್ಬ ಮುಗಿದ ಒಂದೆರಡು ದಿನಕ್ಕೆಲ್ಲ ಲಾರಿ ಏರಿ ಮತ್ತೆ ಕಾಡಿಗೆ. ಬಂದ ಕೆಲಸ, ಇರುವ ರೀತಿ, ಹೊರಡುವ ದಿನ ಈ ಮೂರನ್ನೂ ತಿಳಿದ ನೆಂಟರೆಂದರೆ ಇವರೇ. ಎರಡು ಕಾಲಿನ ನಾವು ಆ ಮಟ್ಟಕ್ಕೆ ಏರಿದ್ದೇವೆಯೆ ಎಂಬುದೇ ಈ ಲೇಖನದ ವಿಷಯ.

ನನ್ನ ದೊಡ್ಡಮ್ಮನ ಮನೆ ಮೈಸೂರಿನ ಅಗ್ರಹಾರದ ಒಂದು ವಠಾರದಲ್ಲಿತ್ತು. ಒಂದು ನಡುಮನೆ, ಒಂದು ಕೋಣೆ, ಒಂದು ಅಡುಗೆಮನೆ. ಅಂಗಳದಲ್ಲಿ ಆರು ಸಂಸಾರಕ್ಕೆ ಸೇರಿ ಒಂದೇ ನಲ್ಲಿ; ನೀರು ಬರುತ್ತಿದ್ದುದು ಬೆಳಗಿನ ಎರಡು ಗಂಟೆ. ಇಷ್ಟರಲ್ಲಿ ಅವರ ಮನೆಯವರು ಐದು ಜನ. ದಸರೆ ಬಂತೆಂದರೆ ನಾವು ಹುಣಸೂರಿನಿಂದ ಆರು ಜನ, ಕೃಷ್ಣರಾಜನಗರದಿಂದ ಚಿಕ್ಕಮ್ಮನವರ ಕಡೆ ನಾಲ್ಕು ಜನ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಆ ಮನೆಯಲ್ಲಿ ಅಕ್ಷರಶಃ ಪಾಲಿಸಬೇಕಾಗಿತ್ತು. ಮಕ್ಕಳಾದ ನಮಗೆ ಅದೇ ಸ್ವರ್ಗ. ಬೆಳಗಾದರೆ ಮೃಗಾಲಯ, ಮಧ್ಯಾಹ್ನ ವಸ್ತುಪ್ರದರ್ಶನ, ಸಂಜೆ ಅರಮನೆಯ ದೀಪ. ಹಿಂದಿರುಗುವ ಹೊತ್ತಿಗೆ ಬಿಸಿ ಬಿಸಿ ಊಟ. ಆ ಊಟ ಎಲ್ಲಿಂದ ಬರುತ್ತದೆಂದು ಕೇಳುವ ಬುದ್ಧಿ ನಮಗಿರಲಿಲ್ಲ. ದೊಡ್ಡವರಿಗೂ ಇದ್ದಂತೆ ತೋರಲಿಲ್ಲ.

ದೊಡ್ಡಮ್ಮನ ಅಡುಗೆಮನೆಯ ಗೂಡಿನಲ್ಲಿ ಒಂದು ರೇಡಿಯೋ ಇತ್ತು. ಅದು ಎಪ್ಪತ್ತರ ದಶಕದ ಕೊನೆ. ಮೈಸೂರಿಗೂ ರೇಡಿಯೋಗೂ ಇರುವ ನಂಟು ಹಳೆಯದು. ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಾದ 'ವಿಠಲ ವಿಹಾರ'ದಿಂದಲೇ ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಂದದ್ದೂ ಆ ನಿಲಯದಿಂದಲೇ. ಮುಂದೆ ಅದನ್ನು ಮೈಸೂರು ಸರ್ಕಾರ ವಹಿಸಿಕೊಂಡಿತು. ೧೯೫೫ರಲ್ಲಿ ನಿಲಯ ಬೆಂಗಳೂರಿಗೆ ಹೋಯಿತು. ೧೯೭೪ರಲ್ಲಿ ಮೈಸೂರಿನಲ್ಲಿ ಮತ್ತೆ ಕೇಂದ್ರ ತೆರೆಯಿತು. ಅಂದರೆ ಆಕಾಶವಾಣಿಯೂ ಮೊದಲಲ್ಲಿ ಒಬ್ಬರ ಮನೆಯ ಆಶ್ರಯದಲ್ಲಿ ಬೆಳೆದ ಕೂಸೇ.

ವಿಜಯದಶಮಿಯ ದಿನ ನಾವೆಲ್ಲ ಜಂಬೂ ಸವಾರಿ ನೋಡಲು ಹೋದಾಗ ದೊಡ್ಡಮ್ಮ ರಾತ್ರಿಯ ಅಡುಗೆಗೆ ಕೂತು ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೇಳುತ್ತಿದ್ದರು. ಆ ಮನೆಯಿಂದ ಅರಮನೆಗೆ ಕಾಲು ಗಂಟೆಯ ನಡಿಗೆ. ಕುಶಾಲತೋಪು ಹಾರಿದಾಗ ಅವರಿಗೆ ಒಂದೊಂದು ಸದ್ದೂ ಎರಡೆರಡು ಸಲ ಕೇಳುತ್ತಿತ್ತಂತೆ: ಮೊದಲು ರೇಡಿಯೋದಲ್ಲಿ, ಮೂರು ಎಣಿಸುವಷ್ಟರಲ್ಲಿ ಕಿಟಕಿಯಿಂದ. ಇದರ ಕಾರಣ ಸರಳ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು ೩೪೦ ಮೀಟರು ನಡೆಯುತ್ತದೆ. ಒಂದು ಕಿಲೋಮೀಟರು ಬರಲು ಅದಕ್ಕೆ ಮೂರು ಸೆಕೆಂಡು ಬೇಕು. ರೇಡಿಯೋ ಅಲೆಯಾದರೋ ಬೆಳಕಿನ ವೇಗದಲ್ಲಿ ಕಣ್ಣು ಮಿಟುಕಿಸುವ ಮೊದಲೇ ಬಂದುಬಿಡುತ್ತದೆ. ದೊಡ್ಡಮ್ಮನಿಗೆ ಈ ಶಾಸ್ತ್ರ ಗೊತ್ತಿರಲಿಲ್ಲ. "ರೇಡಿಯೋದ ತೋಪು ಮುಂಚೆ ಹಾರುತ್ತೆ ಕಣೋ, ನಮ್ಮ ತೋಪು ಆಮೇಲೆ" ಎನ್ನುತ್ತಿದ್ದರು. ಹನ್ನೆರಡು ವರ್ಷದ ನನಗೆ ಅದು ತಮಾಷೆಯಾಗಿ ಕಂಡಿತು. ಆ ಮಾತನ್ನು ಹೇಳಬೇಕಾದರೆ ಎಷ್ಟು ದಸರೆ ಕಿಟಕಿಯ ಬಳಿಯೇ ಕಳೆದಿರಬೇಕೆಂಬುದು ಹೊಳೆಯಲಿಲ್ಲ.

ಆ ಕತೆ ಅಲ್ಲಿರಲಿ; ಮತ್ತೆ ಬರುತ್ತೇನೆ. ನೆಂಟರ ಮನೆಯಲ್ಲಿದ್ದು ಊರು ನೋಡುವುದರಲ್ಲಿ ವಿಶೇಷವೇನು? ಖರ್ಚು ಉಳಿಯುತ್ತದೆ ಎನ್ನುವುದು ಸಣ್ಣ ಮಾತು. ದೊಡ್ಡ ಲಾಭವೆಂದರೆ ಹೊತ್ತಿನ ಜ್ಞಾನ. ಯಾವ ಜಾಗ ಎಲ್ಲಿದೆಯೆಂದು ಯಾರು ಬೇಕಾದರೂ ಹೇಳಬಹುದು. ಯಾವ ಜಾಗವನ್ನು ಯಾವ ಹೊತ್ತಿನಲ್ಲಿ ನೋಡಬೇಕೆಂದು ಹೇಳಬಲ್ಲವರು ಆ ಊರಿನಲ್ಲಿ ಬಾಳಿದವರು ಮಾತ್ರ. ಮಂಗಳವಾರ ಮೃಗಾಲಯಕ್ಕೆ ರಜೆಯೆಂಬುದು ಮೈಸೂರಿನ ಮಕ್ಕಳಿಗೆಲ್ಲ ಗೊತ್ತು. ಇದನ್ನು ತಿಳಿಯದೆ ಮಂಗಳವಾರವೇ ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಾಗಿಲು ನೋಡಿಕೊಂಡು ಬಂದ ಸಂಸಾರಗಳನ್ನು ನಾನು ಬಲ್ಲೆ. ಒಂದು ಸಂಸಾರ ನಮ್ಮದೇ.

ಅರಮನೆಯನ್ನೇ ತೆಗೆದುಕೊಳ್ಳಿ. ಹಳೆಯ ಅರಮನೆ ಬಹುಪಾಲು ಮರದ್ದು. ೧೮೯೭ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ವಿವಾಹದ ಕಾಲದಲ್ಲಿ ಬೆಂಕಿ ಬಿದ್ದು ನಾಶವಾಯಿತು. ಈಗಿನದನ್ನು ಹೆನ್ರಿ ಇರ್ವಿನ್ ಎಂಬ ಶಿಲ್ಪಿಯ ನಕ್ಷೆಯಂತೆ ಕಟ್ಟಿ ೧೯೧೨ರಲ್ಲಿ ಮುಗಿಸಿದರು. ೪೧ ಲಕ್ಷ ರೂಪಾಯಿಗೂ ಮೀರಿ ವೆಚ್ಚವಾಯಿತೆಂದು ಲೆಕ್ಕ. ಬೆಂಕಿಯ ಪಾಠ ಕಲಿತಿದ್ದರಿಂದ ಇಲ್ಲಿ ಕಲ್ಲು, ಇಟ್ಟಿಗೆ, ಕಬ್ಬಿಣಕ್ಕೆ ಪ್ರಾಧಾನ್ಯ. ಕಲ್ಯಾಣಮಂಟಪದಲ್ಲಿ ನಿಂತು ತಲೆಯೆತ್ತಿದರೆ ನವಿಲಿನ ಚಿತ್ತಾರದ ಬಣ್ಣದ ಗಾಜು. ಆ ಗಾಜು ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ, ಅದನ್ನು ಹೊತ್ತ ಕಂಬಗಳು ಎರಕದ ಕಬ್ಬಿಣದವು. ಎಲ್ಲರೂ ಈ ಗಾಜನ್ನು ನೋಡಿ ಮುಂದೆ ಹೋಗುತ್ತಾರೆ. ನನ್ನ ದೊಡ್ಡಪ್ಪ ಮಾತ್ರ ನಮ್ಮನ್ನು ಗೋಡೆಯ ಕಡೆ ತಿರುಗಿಸುತ್ತಿದ್ದರು. ಅಲ್ಲಿ ಸಾಲಾಗಿರುವುದು ದಸರಾ ಮೆರವಣಿಗೆಯ ವರ್ಣಚಿತ್ರಗಳು: ಆನೆ, ಕುದುರೆ, ಬ್ಯಾಂಡು, ಕಾಲಾಳು, ರಸ್ತೆಯ ಎರಡು ಬದಿಯ ಜನ. "ಇದನ್ನು ಮೊದಲು ನೋಡಿಕೊಳ್ಳಿ, ನಾಳೆ ರಸ್ತೆಯಲ್ಲಿ ಏನು ಬಂತು, ಏನು ಬರಲಿಲ್ಲ ಎಂದು ನೀವೇ ಹೇಳಬಹುದು" ಎನ್ನುತ್ತಿದ್ದರು. ಆಯುಧಪೂಜೆ, ವಿಜಯದಶಮಿಗಳಂದು ಒಳಗೆ ಪೂಜಾವಿಧಿಗಳು ನಡೆಯುವುದರಿಂದ ಅರಮನೆಯ ಒಳಭಾಗವನ್ನು ಅದಕ್ಕೆ ಮುಂಚೆಯೇ ನೋಡಿ ಮುಗಿಸುವುದು ಲೇಸು. ದೀಪಾಲಂಕಾರವನ್ನು ದಸರೆಯಲ್ಲೇ ನೋಡಬೇಕೆಂಬ ಹಟವೇನೂ ಬೇಡ. ಸುಮಾರು ಒಂದು ಲಕ್ಷ ದೀಪಗಳ ಆ ಬೆಳಕನ್ನು ಬೇರೆ ದಿನಗಳಲ್ಲಿ, ಭಾನುವಾರದ ಸಂಜೆಗಳಲ್ಲಿ, ನೂಕುನುಗ್ಗಲಿಲ್ಲದೆ ಕಾಣಬಹುದು.

ಚಾಮುಂಡಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿ ಬಸ್ಸಿನಲ್ಲಿ ಇಳಿದವರು ಗುಡಿಯನ್ನು ನೋಡಿರುತ್ತಾರೆ, ಬೆಟ್ಟವನ್ನು ನೋಡಿರುವುದಿಲ್ಲ. ಸುಮಾರು ಸಾವಿರ ಮೆಟ್ಟಿಲುಗಳ ದಾರಿಯೊಂದಿದೆ. ೧೬೫೯ರಿಂದ ೧೬೭೩ರವರೆಗೆ ಆಳಿದ ದೊಡ್ಡ ದೇವರಾಜ ಒಡೆಯರ ಕಾಲದ್ದು. ದಾರಿಯಲ್ಲಿ ಸಿಗುವ, ಒಂದೇ ಬಂಡೆಯಲ್ಲಿ ಕೊರೆದ ದೊಡ್ಡ ನಂದಿಯೂ ಅವರ ಕಾಲದ್ದೇ. ಗುಡಿಯ ಎತ್ತರದ ಗೋಪುರವನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ೧೮೨೭ರಲ್ಲಿ ಕಟ್ಟಿಸಿದರು. ಮೈಸೂರಿನವರ ಉಪಾಯವೆಂದರೆ ನಸುಕಿನಲ್ಲೇ ಮೆಟ್ಟಿಲೇರುವುದು. ಬಿಸಿಲೇರುವ ಮೊದಲು ಮೇಲಿರುತ್ತೀರಿ. ಕೆಳಗೆ ಊರು ಮಂಜಿನಿಂದ ಒಂದೊಂದಾಗಿ ಗೋಪುರ, ಗುಮ್ಮಟ, ಕೆರೆಗಳನ್ನು ಹೊರತೆಗೆಯುವುದು ಕಾಣುತ್ತದೆ. ಮಂಡಿನೋವಿನ ಹಿರಿಯರನ್ನು ಬಸ್ಸಿನಲ್ಲಿ ಮೇಲಕ್ಕೆ ಕಳಿಸಿ, ಮಿಕ್ಕವರು ನಡೆದು ಹೋಗಿ ಗುಡಿಯ ಮುಂದೆ ಸೇರಿಕೊಂಡರೆ ಯಾರಿಗೂ ತೊಂದರೆಯಿಲ್ಲ.

ಬೆಟ್ಟದಿಂದ ಇಳಿದ ದಿನ ಮಧ್ಯಾಹ್ನ ಮೃಗಾಲಯ ಬೇಡ, ಕಾಲು ಸೋತಿರುತ್ತದೆ. ೧೮೯೨ರಲ್ಲಿ ಚಾಮರಾಜೇಂದ್ರ ಒಡೆಯರ ಕಾಲದಲ್ಲಿ ಹುಟ್ಟಿದ ಆ ತೋಟವನ್ನು ಸುತ್ತಲು ಅರ್ಧ ದಿನ ಬೇಕು. ಅದಕ್ಕೆ ಬೆಳಗೇ ಒಳ್ಳೆಯದು, ಪ್ರಾಣಿಗಳು ಆಗ ಚುರುಕಾಗಿರುತ್ತವೆ. ಮಧ್ಯಾಹ್ನದ ಬಿಸಿಲಿಗೆ ಜಗನ್ಮೋಹನ ಅರಮನೆ ತಕ್ಕುದು. ೧೮೬೧ರಲ್ಲಿ ಕಟ್ಟಿದ ಈ ಅರಮನೆಯಲ್ಲೇ ೧೯೦೨ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ವಹಿಸಿದ ಸಮಾರಂಭ ನಡೆಯಿತು. ಈಗ ಅದು ಚಿತ್ರಶಾಲೆ. ರವಿವರ್ಮನ ಚಿತ್ರಗಳನ್ನು ನೋಡಿದ ಮೇಲೆ ಹಾಲ್ದಣಕರರು ಬರೆದ, ದೀಪಕ್ಕೆ ಕೈ ಮರೆಮಾಡಿ ನಿಂತ ಹೆಣ್ಣಿನ ಚಿತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ದೀಪ ಬರಿಯ ಬಣ್ಣವಾದರೂ ಬೆರಳ ಸಂದಿನಲ್ಲಿ ಬೆಳಕು ಕೆಂಪಾಗಿ ಸೋರುತ್ತದೆ. ಸಂಜೆಗೆ ದೇವರಾಜ ಮಾರುಕಟ್ಟೆ: ಮಲ್ಲಿಗೆ, ವೀಳ್ಯದೆಲೆ, ಕುಂಕುಮದ ರಾಶಿ. ಹತ್ತಿರವೇ ೧೮೮೬ರ ಚಿಕ್ಕ ಗಡಿಯಾರ. ಅರಮನೆಯ ಬದಿಗೆ ೧೯೨೭ರ ದೊಡ್ಡ ಗಡಿಯಾರ. ದೊಡ್ಡ ಗಡಿಯಾರದ ಮುಖದ ಮೇಲೆ ಕನ್ನಡ ಅಂಕಿಗಳಿವೆ. ಮಕ್ಕಳಿಗೆ ಗಂಟೆ ಓದಲು ಹೇಳಿ, ಅವರು ತಡವರಿಸುವುದನ್ನು ನೋಡಿ.

ಜಂಬೂ ಸವಾರಿಯ ದಿನದ ವಿಷಯ ಬೇರೆ. ಮೆರವಣಿಗೆ ಅರಮನೆಯಿಂದ ಹೊರಟು ಕೃಷ್ಣರಾಜ ವೃತ್ತ, ಸಯ್ಯಾಜಿರಾವ್ ರಸ್ತೆ, ಆಯುರ್ವೇದ ಆಸ್ಪತ್ರೆಯ ವೃತ್ತ ಹಾದು ಬನ್ನಿಮಂಟಪ ಸೇರುತ್ತದೆ. ಅಲ್ಲಿ ರಾತ್ರಿ ಪಂಜಿನ ಕವಾಯತು. ರಾಜ ಒಡೆಯರು ೧೬೧೦ರಲ್ಲಿ ಶ್ರೀರಂಗಪಟ್ಟಣದಲ್ಲಿ ಆರಂಭಿಸಿದ ಉತ್ಸವದ ಮುಂದುವರಿಕೆ ಇದು. ಜಯಚಾಮರಾಜೇಂದ್ರ ಒಡೆಯರು ಅಂಬಾರಿಯಲ್ಲಿ ಕುಳಿತ ಕಡೆಯ ದಸರೆ ೧೯೬೯ರದು. ೧೯೭೧ರಲ್ಲಿ ರಾಜಧನ ರದ್ದಾಯಿತು. ಮುಂದೆ ಅಂಬಾರಿ ಚಾಮುಂಡೇಶ್ವರಿಯ ಮೂರ್ತಿಗೆ ಮೀಸಲಾಯಿತು. ಸುಮಾರು ೭೫೦ ಕಿಲೋ ತೂಕದ ಆ ಚಿನ್ನದ ಅಂಬಾರಿಯನ್ನು ೨೦೧೨ರಿಂದ ೨೦೧೯ರವರೆಗೆ ಹೊತ್ತವನು ಬಳ್ಳೆಯ ಅರ್ಜುನ. ೨೦೨೩ರ ಡಿಸೆಂಬರಿನಲ್ಲಿ ಸಕಲೇಶಪುರದ ಕಡೆ ಕಾಡಾನೆಯನ್ನು ಹಿಡಿಯುವ ಕಾರ್ಯಾಚರಣೆಯಲ್ಲಿ ಅವನು ಮಡಿದಾಗ ಕೋಟೆ ಸೀಮೆಯ ಜನ ಮನೆಯವರನ್ನೇ ಕಳೆದುಕೊಂಡಂತೆ ಅತ್ತರು. ಮೆರವಣಿಗೆಯಲ್ಲಿ ಆನೆ ಎದುರು ಬಂದಾಗ ನಮ್ಮ ಕಡೆಯವರು "ನಮ್ಮದು, ನಮ್ಮದು" ಎಂದು ಪಿಸುಗುಟ್ಟುವುದರ ಮರ್ಮ ಇದೇ.

ಅಂದು ನಿಲ್ಲುವ ಜಾಗವನ್ನು ಬೆಳಗ್ಗೆಯೇ ಗೊತ್ತುಮಾಡಿಕೊಳ್ಳಬೇಕು. ನೀರು, ಬುತ್ತಿ, ಕೂರಲು ಒಂದು ಹಳೆಯ ಜಮಖಾನ ಜೊತೆಗಿರಲಿ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಮಕ್ಕಳಿಗೆ ಮೊದಲೇ ತೋರಿಸಿ, ಆತಿಥ್ಯ ನೀಡಿದವರ ವಿಳಾಸ, ಫೋನ್ ನಂಬರು ಬರೆದ ಚೀಟಿಯನ್ನು ಅವರ ಜೇಬಿನಲ್ಲಿಡಿ. ಚೆನ್ನಾಗಿ ಕಾಣುತ್ತದೆಂದು ಹಳೆಯ ಕಟ್ಟಡಗಳ ಮಾಳಿಗೆ ಹತ್ತಬೇಡಿ. ೨೦೧೨ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಭಾಗ ಕುಸಿದು ಪ್ರಾಣಹಾನಿಯಾಯಿತು. ೨೦೧೬ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರದ ಭಾಗ ಕುಸಿಯಿತು. ಎರಡೂ ಆ ರಸ್ತೆಯ ಆಸುಪಾಸಿನವೇ.

ಇನ್ನು ಮನೆಯ ಒಳಗಿನ ಮಾತು. ಆತಿಥ್ಯ ನೀಡುವವರು ಬಾಯಿ ಬಿಟ್ಟು ಹೇಳದ ಲೆಕ್ಕ ಒಂದಿದೆ. ಅದರಲ್ಲಿ ಮೊದಲನೆಯದು ನೀರು. ಹಳ್ಳಿಯಲ್ಲಿ ಹೊಳೆ, ಬಾವಿ ನೋಡಿ ಬೆಳೆದವರು ನಲ್ಲಿ ನೀರನ್ನೂ ಹೊಳೆಯಂತೆಯೇ ಬಳಸುತ್ತಾರೆ. ಎಂಟು ಗಂಟೆಗೆ ತೊಟ್ಟಿ ಖಾಲಿಯಾದಾಗ ಮನೆಯೊಡತಿಯ ಮುಖ ನೋಡಬೇಕು. ಎರಡನೆಯದು ಬೆಳಗಿನ ಸರದಿ. ಮನೆಯ ಯಜಮಾನ ಕಚೇರಿಗೆ, ಮಕ್ಕಳು ಶಾಲೆಗೆ ಹೋಗಬೇಕಾದ ಹೊತ್ತಿನಲ್ಲಿ ನೆಂಟರು ಬಚ್ಚಲುಮನೆ ಹಿಡಿದರೆ ಆ ದಿನವೆಲ್ಲ ಆ ಮನೆಯ ಗಡಿಯಾರ ತಪ್ಪು. ಮೂರನೆಯದು ಊಟದ ಹೊತ್ತು. "ಸಂಜೆ ಬರುತ್ತೇವೆ" ಎಂದು ಹೊರಟು ರಾತ್ರಿ ಹತ್ತಕ್ಕೆ ಬಂದು "ನಾವು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದೆವು, ಊಟ ಬೇಡ" ಎಂದರೆ, ಹತ್ತು ಜನಕ್ಕೆ ಬಸಿದ ಅನ್ನದ ಗತಿಯೇನು? ನಾಲ್ಕನೆಯದು ಹೊರಡುವ ದಿನ. ಬಂದ ದಿನವೇ ಅದನ್ನು ಹೇಳಿಬಿಡುವುದು ಸಜ್ಜನಿಕೆ. "ಇನ್ನೆರಡು ದಿನ ಇರಿ" ಎಂದು ಅವರು ಹೇಳುವುದು ಅವರ ಧರ್ಮ. "ಇನ್ನೊಮ್ಮೆ ಬರುತ್ತೇವೆ" ಎಂದು ಎದ್ದು ನಿಲ್ಲುವುದು ನಮ್ಮ ಧರ್ಮ.

ಐದನೆಯ ಬಾಬತ್ತು ಎಲ್ಲಕ್ಕಿಂತ ದೊಡ್ಡದು. ಅದನ್ನು ನನಗೆ ತಿಳಿಸಿದವರು ನನ್ನ ತಾಯಿ.

ಒಂದು ದಸರೆ. ಆಯುಧಪೂಜೆಯ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಮ್ಮ, ದೊಡ್ಡಮ್ಮ ಇಬ್ಬರೂ ಮರುದಿನದ ತರಕಾರಿ ಹೆಚ್ಚುತ್ತ ಕೂತಿದ್ದರು. ನಾನು ಬಾಗಿಲ ಪಕ್ಕದ ಚಾಪೆಯ ಮೇಲೆ ಎಚ್ಚರವಾಗಿದ್ದೆ. ಅಮ್ಮ ಮಾತಿಗೆ ಮಾತು ಬಂದು ಕೇಳಿದರು: "ಅಕ್ಕಾ, ನೀವು ಸವಾರಿ ನೋಡಿದ್ದು ಯಾವ ವರ್ಷ?" ದೊಡ್ಡಮ್ಮ ಚಾಕು ನಿಲ್ಲಿಸದೆ ಹೇಳಿದರು: "ವರ್ಷ ವರ್ಷ ಕೇಳ್ತೀನಲ್ಲೇ." ಅಮ್ಮ ಬಿಡಲಿಲ್ಲ. "ಕೇಳಿದ್ದಲ್ಲ, ನೋಡಿದ್ದು." ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ದೊಡ್ಡಮ್ಮ, "ಮದುವೆಯಾಗಿ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷ. ಮೊದಲ ವರ್ಷ ಬಾಣಂತಿ. ಆಮೇಲೆ ನೀವೆಲ್ಲ ಬರೋಕೆ ಶುರುಮಾಡಿದಿರಿ" ಎಂದರು. ಆ ದನಿಯಲ್ಲಿ ದೂರಿರಲಿಲ್ಲ. ಮಳೆ ಬಂತು ಎನ್ನುವ ಹಾಗೆ ಹೇಳಿದರು. ಅಮ್ಮ ಹೆಚ್ಚುತ್ತಿದ್ದ ಬದನೆಕಾಯಿಯನ್ನು ಕೆಳಗಿಟ್ಟದ್ದು ನನಗೆ ಇಂದಿಗೂ ನೆನಪಿದೆ.

ಮರುದಿನ ಬೆಳಗ್ಗೆ ನಾಲ್ಕಕ್ಕೇ ಅಮ್ಮ, ಚಿಕ್ಕಮ್ಮ ಎದ್ದು ಒಲೆ ಹಿಡಿದರು. ಪುಳಿಯೋಗರೆ, ಮೊಸರನ್ನ, ಸಂಡಿಗೆ. ಎರಡು ಹೊತ್ತಿಗೂ ಅದೇ. ಗಂಡಸರಿಗೆ, "ಇವತ್ತು ಬಿಸಿ ಅಡುಗೆ ಇಲ್ಲ, ಕೇಳಬೇಡಿ" ಎಂದು ಅಪ್ಪಣೆಯಾಯಿತು. ಮಧ್ಯಾಹ್ನ ಮನೆಗೆ ಬೀಗ ಬಿತ್ತು. ದೊಡ್ಡಮ್ಮ ಬೀಗವನ್ನು ಎರಡು ಸಲ ಎಳೆದು ನೋಡಿದರು. ದಸರೆಯ ದಿನ ಆ ಬಾಗಿಲಿಗೆ ಬೀಗ ಬಿದ್ದದ್ದು ಅದೇ ಮೊದಲು. ಆಯುರ್ವೇದ ಆಸ್ಪತ್ರೆಯ ವೃತ್ತದ ಬಳಿ ಜಮಖಾನ ಹಾಸಿ ಅವರನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು. ಎರಡು ಗಂಟೆ ಕಾದ ಮೇಲೆ ಕುದುರೆ ಬಂತು, ಬ್ಯಾಂಡು ಬಂತು, ಕೊನೆಗೆ ಅಂಬಾರಿ ಬಂತು. ದೊಡ್ಡಮ್ಮ ಕೈ ಮುಗಿದರು. ಆನೆ ಮುಂದೆ ಸಾಗಿದ ಮೇಲೆ ಎಲ್ಲರೂ ಅವರ ಮುಖವನ್ನೇ ನೋಡುತ್ತಿದ್ದೆವು, ಏನು ಹೇಳುತ್ತಾರೋ ಎಂದು. ಅವರು ಹೇಳಿದರು: "ರೇಡಿಯೋದಲ್ಲಿ ಆನೆ ಇದಕ್ಕಿಂತ ದೊಡ್ಡದಾಗಿತ್ತು."

ನಕ್ಕೂ ನಕ್ಕೂ ನಮ್ಮ ಹೊಟ್ಟೆ ಹುಣ್ಣಾಯಿತು, ಅವರೂ ನಕ್ಕರು. ರಾತ್ರಿ ಮೊಸರನ್ನ ಕಲಸುತ್ತ ಅಮ್ಮನಿಗೆ ಅವರು ಬೇರೊಂದು ಮಾತು ಹೇಳಿದರು: "ಆನೆಯ ಕಣ್ಣಿನ ಹತ್ತಿರ ನೀರು ಇಳಿದ ಗುರುತಿತ್ತು ಕಣೇ, ಬಣ್ಣದ ಮೇಲೆ. ಇಷ್ಟು ವರ್ಷ ಯಾರೂ ಅದನ್ನು ಹೇಳಿರಲಿಲ್ಲ." ಇಪ್ಪತ್ತೆರಡು ವರ್ಷ ಕೇಳಿದವರು ಒಂದು ಗಳಿಗೆ ನೋಡಿ ಕಂಡದ್ದು ಅದು. ಅಂದಿನಿಂದ ನಮ್ಮ ಮನೆತನದಲ್ಲಿ ಒಂದು ಕಟ್ಟಳೆಯಾಯಿತು: ಯಾರ ಮನೆಯಲ್ಲಿ ಇಳಿದುಕೊಳ್ಳುತ್ತೇವೆಯೋ, ಆ ಮನೆಯ ಅಡುಗೆ ಮಾಡುವವರನ್ನು ಒಂದು ದಿನವಾದರೂ ಜೊತೆಗೆ ಕರೆದುಕೊಂಡು ಹೋಗಬೇಕು. ಅಂದು ಅಡುಗೆ ನೆಂಟರದು.

ಕಾಲ ಈಗ ಬದಲಾಗಿದೆ. ವಠಾರಗಳು ವಿರಳವಾಗಿವೆ, ಅವುಗಳ ಜಾಗದಲ್ಲಿ ಮೂರು ಅಂತಸ್ತಿನ ಮನೆಗಳು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಸಂಸಾರಕ್ಕೆ ಹತ್ತು ನೆಂಟರನ್ನು ತಾಳುವ ಶಕ್ತಿಯಿಲ್ಲ. ಊರಿನ ತುಂಬ ವಸತಿಗೃಹಗಳಿವೆ. ದಾರಿ ತೋರಲು ಅಂಗೈಯಲ್ಲಿ ಮೊಬೈಲು ಇದೆ. ನೆಂಟರ ಮನೆಯ ಇಕ್ಕಟ್ಟು ಕಂಡರೆ ರಾತ್ರಿ ವಸತಿಗೃಹದಲ್ಲಿ ಮಲಗಿ ಹಗಲು ಅವರ ಜೊತೆ ತಿರುಗುವುದರಲ್ಲಿ ಅವಮಾನವೇನೂ ಇಲ್ಲ. ಅದನ್ನು ಹೇಳುವ ರೀತಿಯಲ್ಲಿ ಹೇಳಿದರೆ ಅವರೂ ಬೇಸರಪಡುವುದಿಲ್ಲ. ಆದರೆ ಒಂದು ಊರನ್ನು ಅಲ್ಲಿ ಬಾಳುವವರ ಕಣ್ಣಿನಿಂದ ನೋಡುವ ಅವಕಾಶ ಮೊಬೈಲಿನಲ್ಲಿ ಸಿಗದು. ನನ್ನ ದೊಡ್ಡಪ್ಪನ ಹಾಗೆ ಗಾಜಿನಿಂದ ಗೋಡೆಗೆ ನಮ್ಮ ಕತ್ತು ತಿರುಗಿಸುವವರು ಒಬ್ಬರಾದರೂ ಬೇಕು.

ಕೊನೆಯದಾಗಿ ಋಣದ ಮಾತು. ಒಂದು ಚೀಲ ಅಕ್ಕಿ, ಒಂದು ಬಾಳೆಗೊನೆಯಿಂದ ಅದು ತೀರುವುದಿಲ್ಲ; ನಮ್ಮ ಊರಿಗೆ ಅವರನ್ನು ಕರೆದಾಗ ತೀರುತ್ತದೆ. ನಮ್ಮ ಸೀಮೆಯಲ್ಲಿ ತೋರಿಸಲು ಏನಿದೆ ಎನ್ನಬೇಡಿ. ಕೃಷ್ಣರಾಜನಗರದ ಕಡೆ ಚುಂಚನಕಟ್ಟೆಯಲ್ಲಿ ಕಾವೇರಿ ಬಂಡೆಗಳಿಂದ ಧುಮುಕುತ್ತಾಳೆ. ಸಂಕ್ರಾಂತಿಯ ಸುಮಾರಿಗೆ ಅಲ್ಲಿ ದೊಡ್ಡ ದನಗಳ ಜಾತ್ರೆ. ಪಿರಿಯಾಪಟ್ಟಣದವರಿಗೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟವಿದೆ. ೧೯೬೦ರ ಸುಮಾರಿಗೆ ನೆಲೆಯೂರಿದ ಬೈಲಕುಪ್ಪೆಯ ಟಿಬೆಟಿಯನರ ವಸತಿಯಿದೆ. ತಾಯ್ನಾಡು ಬಿಟ್ಟು ಬಂದ ಒಂದು ಜನಾಂಗಕ್ಕೇ ಆತಿಥ್ಯ ನೀಡಿದ ತಾಲ್ಲೂಕು ಅದು! ಹುಣಸೂರಿನವರಿಗೆ ಗೊಮ್ಮಟಗಿರಿ, ಕೋಟೆಯವರಿಗೆ ಕಬಿನಿಯ ಹಿನ್ನೀರು, ಅದರಾಚೆಯ ಕಾಡು. ಅಂಬಾರಿ ಇಳಿಸಿದ ಆನೆ ಹಿಂದಿರುಗುವುದು ಅಲ್ಲಿಗೇ.

ನನ್ನ ದೊಡ್ಡಮ್ಮ ಒಂದು ಬೇಸಗೆಯಲ್ಲಿ ಹುಣಸೂರಿಗೆ ಬಂದು ಎಂಟು ದಿನ ಇದ್ದರು. ಅಡುಗೆಮನೆಗೆ ಬರಲು ಹೊರಟಾಗಲೆಲ್ಲ ಅಮ್ಮ ಅವರನ್ನು ಲಕ್ಷ್ಮಣತೀರ್ಥದ ದಡಕ್ಕೆ ಗಾಳಿ ಸೇವನೆಗೆ ಅಟ್ಟುತ್ತಿದ್ದರು. "ನೆಂಟರಾಗಿರೋದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ" ಎಂದು ಅವರು ಗೊಣಗುತ್ತಿದ್ದರು. ಹೊರಡುವ ದಿನ ಬಸ್ಸಿನ ಕಿಟಕಿಯಿಂದ ತಲೆ ಹೊರಹಾಕಿ, "ದಸರೆಗೆ ಬನ್ನಿ, ಬೀಗ ನಾನೇ ಹಾಕ್ತೀನಿ" ಎಂದರು. ಆ ಕರೆಗಿಂತ ದೊಡ್ಡ ಆಹ್ವಾನಪತ್ರಿಕೆ ನಮಗೆ ಬಂದದ್ದಿಲ್ಲ.